ಹುಳಿ ಗಂಜಿಯ ಬಿಯರ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಲಾಂಡ್ರಿಯ ಬಾಯ್ಲರ್ ಹಚ್ಚಿ ಬಂದು ಕೂತೆ. ಪ್ರೆಶರ್ ಏರುವ ತನಕ ಬೇರೆ ಕೆಲಸವಿಲ್ಲ. ಡಾಕ್ಟರು ಹೇಳಿದ್ದೂ ಇದೇ ಹೊತ್ತಿಗೆ ಬರೆಯಿರಿ ಎಂದು. ತಲೆಯಲ್ಲಿ ತಿರುಗುವುದನ್ನು ಕಾಗದಕ್ಕೆ ಹಾಕಿ, ಮುಚ್ಚಿಡಿ, ಎದ್ದು ಹೋಗಿ ಕೆಲಸ ಮಾಡಿ. ಮುಚ್ಚಿಡುವುದು ಬರುತ್ತದೆ. ಎದ್ದು ಹೋಗುವುದೂ ಬರುತ್ತದೆ. ಆದರೆ ತಲೆಯದ್ದು ತಲೆಯಲ್ಲೂ ಇದೆ, ಈಗ ಕಾಗದದಲ್ಲೂ ಇದೆ.

ನರ್ಸಿಂಗ್ ಹೋಮಿನ ಬೆಡ್‌ಶೀಟ್ ಬಂದಿವೆ. ಲಾಡ್ಜಿನವೂ ಬಂದಿವೆ. ಲಾಡ್ಜಿನ ಗಂಟು ಬಿಚ್ಚುವ ಧೈರ್ಯ ಇನ್ನೂ ಬಂದಿಲ್ಲ. ಜನ ಮನೆಯಲ್ಲೂ ಹೀಗೇ ಇರುತ್ತಾರೋ, ಬಾಡಿಗೆ ಕೊಟ್ಟಿದ್ದೇವೆಂದು ಹೀಗೋ.

ಬಾಮೈದ ಸಂಜೆ ಬರುತ್ತಾನಂತೆ. "ಒಂದು ಒಳ್ಳೆ ಸುದ್ದಿ ಇದೆ ಭಾವ" ಎಂದ ಫೋನಿನಲ್ಲಿ. ಹಿಂದಿನ ಒಳ್ಳೆ ಸುದ್ದಿ ಮೊಲ ಸಾಕಣೆ. ಆ ಮೊಲಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ.

ಮಾರ್ಚ್ 4

ಬರೆದುಬಿಡುತ್ತೇನೆ. ಇಲ್ಲದಿದ್ದರೆ ಇವತ್ತು ಒಂದು ಶರ್ಟೂ ನೆಟ್ಟಗೆ ಮಡಚಲಾರೆ.

ಓಣಿಯ ಆಚೆಗೆ ರಟ್ಟಿನ ಡಬ್ಬದ ಗೋಡೌನ್ ಇತ್ತಲ್ಲ, ಅದನ್ನು ಒಂದು ಬಿಯರ್ ಕಂಪನಿ ಹಿಡಿದಿದೆ. ಬಾಮೈದ ಅಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸುಮ್ಮನೆ ಬಿಯರ್ ಅಲ್ಲ. ಕ್ರಾಫ್ಟ್ ಬಿಯರ್.

"ಹಂಗಂದ್ರೆ?"

"ಹಂಗಂದ್ರೆ ದೊಡ್ಡ ಫ್ಯಾಕ್ಟರಿದಲ್ಲ ಭಾವ. ಸ್ವಲ್ಪ ಸ್ವಲ್ಪನೇ, ಕೈಯಲ್ಲಿ ಮಾಡೋದು."

"ಕೈ ತೊಳ್ಕೊಂಡು ತಾನೆ?"

ಇವಳು ನನ್ನನ್ನು ನೋಡಿದಳು. ತಮ್ಮ ಬಂದಾಗ ನನ್ನ ಬಾಯಿಗೆ ಅವಳ ಕಣ್ಣೇ ಬೀಗ.

ವಿಷಯ ಇಷ್ಟು. ಅವರಿಗೆ ಸ್ಟೀಮ್ ಬೇಕು. ನೀರು ಕಾಯಿಸಲು, ಬಾರ್ಲಿ ಬೇಯಿಸಲು, ಡ್ರಮ್ಮು ತೊಳೆಯಲು. ಹೊಸ ಬಾಯ್ಲರ್ ಕೊಳ್ಳುವ ಬದಲು ನಮ್ಮದನ್ನು ಕಂಪನಿಗೆ ಬರೆದುಕೊಟ್ಟರೆ ಅದೇ ನಮ್ಮ ಹೂಡಿಕೆ. ನಾವು ಪಾಲುದಾರರು. ಲಾಂಡ್ರಿಗೆ ಸ್ಟೀಮ್ ಎಂದಿನಂತೆ ಸಿಗುತ್ತದಂತೆ. "ಎಂದಿನಂತೆ ಭಾವ, ಎಂದಿನಂತೆ" ಎಂದು ಎರಡು ಸಲ ಹೇಳಿದ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆನೇನೋ.

ಬಾಯ್ಲರ್ ಇಲ್ಲದ ಲಾಂಡ್ರಿ ಎಂದರೆ ಊರಿನ ಕೊಳೆಬಟ್ಟೆ ಗುಡ್ಡೆ ಹಾಕಿಕೊಂಡ ಕೋಣೆ, ಅಷ್ಟೆ. ಬೇಡ ಎಂದು ಅಲ್ಲೇ ಹೇಳಬಹುದಿತ್ತು. "ಯೋಚ್ನೆ ಮಾಡ್ತೀನಿ" ಎಂದೆ. ಯೋಚನೆ ಮಾಡುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾರ್ಚ್ 8

ಗೋಡೌನ್ ನೋಡಿ ಬಂದೆ. ಊಟ ಸೇರಲಿಲ್ಲ.

ನೆಲಕ್ಕೆ ಚಪ್ಪಲಿ ಅಂಟಿಕೊಳ್ಳುತ್ತದೆ, ಎತ್ತಿದರೆ ಪಚಕ್ ಎನ್ನುತ್ತದೆ. ದೊಡ್ಡ ಸ್ಟೀಲ್ ಡ್ರಮ್ಮುಗಳು, ಅವುಗಳಿಂದ ಒಂದೊಂದು ಪೈಪು ಬಕೆಟ್ಟಿಗೆ ಇಳಿದಿದೆ. ಬಕೆಟ್ಟಿನಲ್ಲಿ ಕಂದು ನೊರೆ. ಗೊರಗೊರ ಸದ್ದು, ಕಫ ಕಟ್ಟಿದ ಎದೆಯಂತೆ. ಮೂಲೆಯಲ್ಲಿ ಬೇಯಿಸಿ ಬಿಸಾಕಿದ ಬಾರ್ಲಿಯ ರಾಶಿ, ಅದರ ಮೇಲೆ ನೊಣಗಳ ಹೊದಿಕೆ. ವಾಸನೆ ಎಂದರೆ... ಹಳಸಿದ ಹಿಟ್ಟು, ಒದ್ದೆ ಕಾಲುಚೀಲ, ಅದರ ಮೇಲೆ ಬೆಲ್ಲ.

ಕಂಪನಿಯ ಯಜಮಾನ ಗಡ್ಡದವನು. ಗಡ್ಡಕ್ಕೆ ಎಣ್ಣೆ. ಡ್ರಮ್ಮಿನ ತಳದಿಂದ ಕೀವಿನ ಬಣ್ಣದ ಲೋಳೆಯನ್ನು ಬೆರಳಲ್ಲಿ ಎತ್ತಿ ನನ್ನ ಮೂಗಿಗೆ ಹಿಡಿದ.

"ಯೀಸ್ಟ್ ಸರ್. ಜೀವ ಇದೆ ಇದಕ್ಕೆ. ಇವರೇ ನಮ್ಮ ನಿಜವಾದ ಟೀಮು."

ಬೆರಳನ್ನು ಪ್ಯಾಂಟಿಗೆ ಒರೆಸಿದ. ಆ ಪ್ಯಾಂಟು ಒಗೆಯುವ ಪುಣ್ಯಾತ್ಮ ಯಾರೋ.

ಆಮೇಲೆ ಮಾತು. ಪ್ಯಾಶನ್ ಎಂದ, ಜರ್ನಿ ಎಂದ, ಕಮ್ಯುನಿಟಿ ಎಂದ. "ನಾವು ಬಿಯರ್ ಮಾರಲ್ಲ ಸರ್, ಕಥೆ ಮಾರ್ತೀವಿ." ಹಾಗಿದ್ದರೆ ಬಾಯ್ಲರ್ ಯಾಕೆ ಎಂದು ಕೇಳಬೇಕಿತ್ತು. ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು. ನನ್ನದೆಲ್ಲ ಹಾಗೇ.

ಮಾರ್ಚ್ 9, ಭಾನುವಾರ

ಗಡ್ಡದವನು ಬಾಯ್ಲರ್ ನೋಡಲು ಬಂದ. ಬಾಯ್ಲರ್ ಸುತ್ತ ಒಂದು ಸುತ್ತು ಹಾಕಿ ಅಪ್ಪನ ಹತ್ತಿರ ನಿಂತುಬಿಟ್ಟ.

ಮಂಡಿ ಸವೆದು ನಡೆಯುವುದು ಕಷ್ಟವಾದಮೇಲೆ ಅಪ್ಪ ಇಸ್ತ್ರಿ ಮೇಜಿನ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾನೆ. ನಾನು ಮಡಚಿದ ಪ್ರತಿಯೊಂದಕ್ಕೂ ತಲೆಯಾಡಿಸುತ್ತಾನೆ, ಸರಿಯಿಲ್ಲ ಎಂಬಂತೆ. ಬೇರೆ ಮಾತಿಲ್ಲ. ಗಡ್ಡದವನು "ಅಜ್ಜಾ, ನಿಮ್ಮ ಕಾಲದಲ್ಲಿ ಹೆಂಗಿತ್ತು" ಎಂದು ಕೇಳಿದ್ದೇ ತಡ, ನಲ್ಲಿ ತಿರುಗಿಸಿದಂತಾಯಿತು.

"ನಮ್ಮಪ್ಪನ ಕಾಲದಲ್ಲಿ ಬಾಯ್ಲರ್ ಎಲ್ಲಿತ್ತಪ್ಪ. ಒಲೆ, ಹಂಡೆ, ಗಂಜಿ ಮಡಕೆ. ಕಾಲರು ಕೋಲಿನಂಗೆ ನಿಲ್ಬೇಕಲ್ಲ, ಅಕ್ಕಿ ಗಂಜಿಯಲ್ಲಿ ಅದ್ದೋರು. ಉಳಿದ ಗಂಜಿ ಅಲ್ಲೇ ಹುಳಿ ಬಂದು ಬುಸ್ಸಂತ ಉಕ್ಕೋದು. ಒಂದ್ಸಲ ನಮ್ಮಪ್ಪ ಒಂದು ಲೋಟ ಕುಡಿದುಬಿಟ್ಟ. ದಿನವೆಲ್ಲ ನಗ್ತಾ ಇಸ್ತ್ರಿ ಹಾಕಿದ."

ತಾತ ಕುಡಿದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆ. ಆ ಗಂಜಿಯಲ್ಲಿ ಕಾಲರಿನ ಜೊತೆ ಊರವರ ಲಂಗ, ಅಡುಗೆಯವರ ಏಪ್ರನ್ ಎಲ್ಲವನ್ನೂ ಅದ್ದುತ್ತಿದ್ದರು. ಅದನ್ನು ಅಪ್ಪ ಹೇಳಲಿಲ್ಲ.

ಗಡ್ಡದವನು ನೆಲದ ಮೇಲೇ ಕೂತ. ಫೋನು ತೆಗೆದು ಹಿಡಿದ. "ಅಜ್ಜಾ, ಇನ್ನೊಂದ್ಸಲ ಹೇಳಿ. ಮಡಕೆಯಿಂದ ಶುರು ಮಾಡಿ."

ಮಾರ್ಚ್ 13

ಗಡ್ಡದವನು ಕೇಳಿದನೆಂದು ಹಿತ್ತಿಲಿನ ತಗಡಿನ ಕೆಳಗೆ ಗಂಜಿ ಮಡಕೆ ಬಂದು ಕೂತಿದೆ. ಅಪ್ಪ ಬೆಳಿಗ್ಗೆ ನನಗಿಂತ ಮುಂಚೆ ಏಳುತ್ತಾನೆ. ಗೋಡೆ ಹಿಡಿದು ಹಿಡಿದು ಅಲ್ಲಿಗೆ ಹೋಗಿ ಸೌಟಿನಲ್ಲಿ ಕದಡುತ್ತಾನೆ, ಕಿವಿ ಇಟ್ಟು ಕೇಳುತ್ತಾನೆ. "ಮುಚ್ಚಳ ತೆಗೀಬೇಡ್ವೋ, ಅದಕ್ಕೆ ಗಾಳಿ ತಾಗುತ್ತೆ." ನನಗೆ ಜ್ವರ ಬಂದಾಗಲೂ ಇಷ್ಟು ಕಾಳಜಿ ಇರಲಿಲ್ಲ.

ಬಾಮೈದ ದಿನಾ ಬೆಳಿಗ್ಗೆ ಸ್ಟೀಲ್ ಕ್ಯಾನಿನಲ್ಲಿ ಒಯ್ಯುತ್ತಾನೆ. ಈ ಹುಳಿಯಿಂದಲೇ ಬಿಯರಿಗೆ ಹುಳಿ ಬರಿಸುತ್ತಾರಂತೆ. ಅದಕ್ಕೆ ಹೆಸರೂ ಇಟ್ಟಾಗಿದೆ, "ಅಜ್ಜನ ಮಡಕೆ".

ಬಟ್ಟೆಯ ಗಂಜಿಯನ್ನು ಜನ ಕುಡಿಯುವುದೆಂದರೆ. ಯೋಚಿಸಿದಾಗಲೆಲ್ಲ ಬಾಯಲ್ಲಿ ನೀರು ಬರುತ್ತದೆ, ವಾಂತಿಗೆ ಮುಂಚೆ ಬರುವ ನೀರು. ಯಾರಿಗಾದರೂ ಭೇದಿಯಾಗಿ, ಪೊಲೀಸರು ಬಂದು, ಮಡಕೆ ಯಾರದ್ದು ಎಂದರೆ? ಇವಳ ಹತ್ತಿರ ಹೇಳಿದೆ.

"ರೀ, ಇನ್ನೂ ಯಾರೂ ಒಂದು ಗುಟುಕು ಕುಡಿದಿಲ್ಲ, ನೀವಾಗಲೇ ಹೆಣ ಎತ್ತಿಸ್ತಿದೀರಲ್ಲ."

ಮಾರ್ಚ್ 20

ಸಹಿಗೆ ಮುಂಚೆ ನೋಡೋಣವೆಂದು ಟ್ರಯಲ್ ಶುರು. ಓಣಿಯ ಮೇಲಿನಿಂದ ಪೈಪು ಎಳೆದು ನಮ್ಮ ಸ್ಟೀಮ್ ಅವರಿಗೆ. ಅವರು ಬಾರ್ಲಿ ಬೇಯಿಸಲು ಹಿಡಿದರೆ ನಮ್ಮ ಪ್ರೆಶರ್ ಮುಳ್ಳು ಸತ್ತ ಹಾಗೆ ಮಲಗುತ್ತದೆ. ಶೀಟುಗಳು ಇಸ್ತ್ರಿ ರೋಲರಿನಿಂದ ಹಸಿಯಾಗಿಯೇ ಹೊರಬರುತ್ತವೆ. ಹಸಿಯಾಗಿಯೇ ಮಡಚಿದೆ. ಗಾಡಿ ಬಂದು ನಿಂತಿತ್ತು, ಏನು ಮಾಡಲಿ.

ಅವರ ವಾಸನೆ ನಮ್ಮ ಬಟ್ಟೆಗೆ ಹತ್ತಿದೆ. ಇವಳಿಗೆ ಬರುವುದಿಲ್ಲವಂತೆ. ಬಸ್ಸಿನಲ್ಲಿ ಕೂತು ನನ್ನ ತೋಳನ್ನೇ ಮೂಸಿಕೊಂಡೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ವಾಸನೆಗೋ, ಮೂಸಿದ್ದಕ್ಕೋ.

ಮಾರ್ಚ್ 23, ಭಾನುವಾರ. ಸಂಜೆ

ಹೇಸಿಗೆ. ಬೇರೆ ಪದ ನನಗೆ ಗೊತ್ತಿಲ್ಲ.

ಗೋಡೌನಿನಲ್ಲಿ ಟೇಸ್ಟಿಂಗ್. ದುಡ್ಡು ಹಾಕಲಿರುವವರನ್ನೆಲ್ಲ ಕರೆದಿದ್ದರು. ಅಪ್ಪ ಬೆಳಿಗ್ಗೆಯೇ ತನ್ನ ಬಿಳಿ ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಂಡ, ಮೇಜಿಗೆ ಹೊಟ್ಟೆ ಆನಿಸಿ ನಿಂತು. ನಾನು ಹಾಕುತ್ತೇನೆ ಎಂದರೆ "ನಿನ್ನ ಕೈಗೆ ಕೊಟ್ರೆ ಕಾಲರು ನಾಯಿ ಕಿವಿ ಆಗುತ್ತೆ" ಎಂದ. ಬಾಮೈದ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ.

ಮಧ್ಯೆ ಕುರ್ಚಿ ಹಾಕಿ ಕೂರಿಸಿದ್ದರು. ಅಪ್ಪ ಕಥೆ ಹೇಳಿದ. ಮೊನ್ನೆ ಒಂದು ಲೋಟ ಕುಡಿದಿದ್ದ ತಾತ ಇವತ್ತು ದಿನಾ ಕುಡಿಯುತ್ತಿದ್ದ. ಮುಂದಿನ ಗುಂಪು ಬರುವ ಹೊತ್ತಿಗೆ ಓಣಿಗೆಲ್ಲ ಹಂಚುತ್ತಿದ್ದ. ಕೊನೆಯ ಗುಂಪಿಗೆ ಹೇಳುವಾಗ ಪೊಲೀಸರೂ ಬಂದು ಕುಡಿದುಹೋದರು. ಜನ ಚಪ್ಪಾಳೆ ತಟ್ಟಿದರು, ಪಕ್ಕದಲ್ಲಿ ಬಗ್ಗಿ ಫೋಟೋ ತೆಗೆಸಿಕೊಂಡರು. ಕನ್ನಡಕದ ಹೆಂಗಸೊಬ್ಬಳು ಕಣ್ಣು ಮುಚ್ಚಿ ಗುಟುಕರಿಸಿ, "ಇದರಲ್ಲಿ ಹಳೇ ಹತ್ತಿಯ ಘಮ ಇದೆ ಅಲ್ವಾ" ಎಂದಳು. ಲಂಗದ್ದು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಒಬ್ಬ ತೂರಾಡುತ್ತ ನಮ್ಮ ಹಿತ್ತಿಲಿಗೇ ಬಂದ. ತಂತಿಯ ಮೇಲಿದ್ದ ನರ್ಸಿಂಗ್ ಹೋಮಿನ ದಿಂಬಿನ ಕವರಿಗೆ ಬಾಯಿ ಒರೆಸಿಕೊಂಡ. "ಸಾರಿ ಅಂಕಲ್" ಎಂದ. ಅವನ ತಲೆ ನನ್ನದಕ್ಕಿಂತ ಬೆಳ್ಳಗಿತ್ತು.

ಅಪ್ಪ ಮನೆಗೆ ಬಂದವನು ಶರ್ಟು ಬಿಚ್ಚಲೇ ಇಲ್ಲ. ಹಾಗೇ ಕೂತಿದ್ದಾನೆ. "ನನ್ನ ಮುಖ ಬಾಟ್ಲಿ ಮೇಲೆ ಹಾಕ್ತಾರಂತೆ" ಎಂದು ಇವಳಿಗೆ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ನನಗೂ ಹೇಳಿದ, ಕೇಳಿಸಿರಲಿಲ್ಲವೇನೋ ಎಂಬಂತೆ.

ಮಾರ್ಚ್ 28

ನರ್ಸಿಂಗ್ ಹೋಮಿನ ಹೆಡ್ ನರ್ಸ್ ಖುದ್ದು ಬಂದರು. ಶೀಟಿನ ಗಂಟನ್ನು ಕೌಂಟರ್ ಮೇಲೆ ಇಳಿಸಿ ಒಂದನ್ನು ಬಿಚ್ಚಿ ನನ್ನ ಮುಖಕ್ಕೆ ಹಿಡಿದರು.

"ಮೂಸಿ."

ಮೂಸಬೇಕಾಗಿರಲಿಲ್ಲ.

"ಪೇಷೆಂಟುಗಳು ಕೇಳ್ತಿದಾರೆ, ಇದು ಆಸ್ಪತ್ರೆನೋ ಬೇಕರಿನೋ ಅಂತ. ನಿಮ್ಮ ತಂದೆ ಕಾಲದಿಂದ ಕೊಡ್ತಿದೀವಿ. ಇನ್ನೊಂದ್ಸಲ ಹೀಗೆ ಬಂದ್ರೆ ಬೇರೆ ಕಡೆ ನೋಡ್ಕೋತೀವಿ. ಬೇಜಾರು ಮಾಡ್ಕೋಬೇಡಿ."

ಎಲ್ಲವನ್ನೂ ಮತ್ತೆ ಒಗೆದೆ. ನರ್ಸಿಂಗ್ ಹೋಮ್ ಹೋದರೆ ಉಳಿಯುವುದು ಲಾಡ್ಜು. ಲಾಡ್ಜಿನ ಕೊಳೆ ತಿಂದುಕೊಂಡು ಬದುಕಬೇಕು.

ಅಪ್ಪ ಬೆಂಚಿನಲ್ಲೇ ಇದ್ದ, ಎಲ್ಲ ಕೇಳಿಸಿಕೊಂಡ. "ಆಯಮ್ಮನ ಮೂಗು ಸ್ವಲ್ಪ ಉದ್ದ" ಎಂದ.

ಏಪ್ರಿಲ್ 1

ಬೇಡ ಎಂದು ಹೇಳಿದೆ. ಕಂಪನಿಯವರಿಗಲ್ಲ, ಮನೆಯಲ್ಲಿ. ಊಟದ ಹೊತ್ತಿಗೆ. ಬಾಯ್ಲರ್ ಬರೆದುಕೊಟ್ಟರೆ ಲಾಂಡ್ರಿ ಉಳಿಯುವುದಿಲ್ಲ, ಈ ಟ್ರಯಲ್ಲಿಗೇ ಹೀಗೆ, ನಾಳೆ ಅವರದ್ದೇ ಆದಮೇಲೆ ನಮಗೆ ಮಿಕ್ಕಿದ ಹಬೆ.

ಇವಳು ಅನ್ನದಲ್ಲಿ ಬೆರಳಾಡಿಸುತ್ತ ಕೂತಳು. ತಮ್ಮನ ಕೆಲಸವೂ ಇದರ ಮೇಲೆ ನಿಂತಿದೆ. ಆದರೂ "ಇವರು ಹೇಳೋದು ಪೂರ್ತಿ ಸುಳ್ಳಲ್ಲ ಮಾವ" ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ.

"ಆ ಬಾಯ್ಲರ್ ನನ್ನ ದುಡಿಮೆ. ನಾನು ಸಹಿ ಹಾಕ್ತೀನಿ. ಜೀವಮಾನವೆಲ್ಲ ಮಂದಿ ಬಟ್ಟೆ ಸುಕ್ಕು ತೆಗೆದೆ ಕಣೋ. ಬಟ್ಟೆ ನೋಡಿದ್ರು, ತಗೊಂಡು ಹೋದ್ರು. ಒಬ್ಬನಾದ್ರೂ ನನ್ನ ಮುಖ ನೋಡಿದ್ನಾ?"

ಬಾಯ್ಲರ್ ಇಬ್ಬರ ಹೆಸರಿನಲ್ಲಿದೆ. ಇಬ್ಬರ ಸಹಿಯೂ ಬೇಕು. ಭಾನುವಾರ ಬರುತ್ತಾರಂತೆ.

ಏಪ್ರಿಲ್ 5, ಶನಿವಾರ. ಮಧ್ಯಾಹ್ನ

ಇವತ್ತು ಅಕ್ಷರ ಸರಿಯಿಲ್ಲ. ಮೊದಲೂ ಸರಿ ಇರಲಿಲ್ಲ, ಏಳನೇ ಕ್ಲಾಸಿಗೇ ನಿಂತ ಅಕ್ಷರ.

ಪ್ರೆಶರ್ ಮತ್ತೆ ಇಳಿದಿತ್ತು. ಹೇಳಿ ಬರೋಣವೆಂದು ಗೋಡೌನಿನ ಹಿಂದಿನ ಬಾಗಿಲಿಗೆ ಹೋದೆ. ಬಾಮೈದ ಚರಂಡಿಯ ಹತ್ತಿರ ನಿಂತಿದ್ದ. ಅಪ್ಪನ ಗಂಜಿಯ ಕ್ಯಾನನ್ನು ಬಗ್ಗಿಸಿ ಸುರಿಯುತ್ತಿದ್ದ. ಪೂರ್ತಿ. ಆಮೇಲೆ ನೀರಿನ ಪೈಪು ಹಿಡಿದು ಕ್ಯಾನ್ ತೊಳೆದ, ಮುಖ ಬೇರೆ ಕಡೆ ತಿರುಗಿಸಿಕೊಂಡು.

"ಕೆಟ್ಟಿತ್ತಾ?" ಎಂದೆ.

ಬೆಚ್ಚಿದ. ಆಮೇಲೆ ನಕ್ಕ. "ಏನ್ ಭಾವ, ಬಟ್ಟೆ ಗಂಜಿನ ಯಾರಾದ್ರೂ ಬಿಯರ್‌ಗೆ ಹಾಕ್ತಾರಾ? ಗಲೀಜು. ಹುಳಿ ಬರಿಸೋಕೆ ಪ್ಯಾಕೆಟ್ ಬರುತ್ತೆ. ಲ್ಯಾಬ್‌ನಲ್ಲಿ ಮಾಡಿದ್ದು."

"ಯಾವಾಗಿಂದ?"

"ಮೊದಲಿಂದಾನೂ. ಒಂದು ತೊಟ್ಟೂ ಹಾಕಿಲ್ಲ. ನಿಮಗೆ ಖುಷಿ ಆಗ್ಬೇಕಪ್ಪ, ಭೇದಿ ಆಗುತ್ತೆ ಅಂತ ಒದ್ದಾಡ್ತಿದ್ರಲ್ಲ."

ಖುಷಿಯಾಗಬೇಕಿತ್ತು. ಇಷ್ಟು ದಿನ ಅದನ್ನು ಕುಡಿಯುತ್ತಾರಲ್ಲ ಎಂದು ಅಸಹ್ಯಪಟ್ಟವನು ನಾನು. ಕುಡಿಯುತ್ತಿಲ್ಲ ಎಂದು ಗೊತ್ತಾದಾಗ ಆದ ಅಸಹ್ಯ ಅದರ ಹತ್ತುಪಟ್ಟು. ಅಪ್ಪ ಬೆಳಿಗ್ಗೆ ಗೋಡೆ ಹಿಡಿದು ಹೋಗಿ ಕಿವಿ ಇಟ್ಟು ಕೇಳುವುದು ಕಣ್ಣ ಮುಂದೆ ಬಂತು. ಚರಂಡಿಯಲ್ಲಿ ಬಿಳೀ ನೊರೆ ಇನ್ನೂ ತೇಲುತ್ತಿತ್ತು.

ಗಡ್ಡದವನೂ ಹೊರಗೆ ಬಂದ. ಅವನಿಗೆ ಮುಜುಗರವೇನೂ ಇರಲಿಲ್ಲ. "ಅಜ್ಜನಿಗೆ ಖುಷಿ, ಕುಡಿಯೋರಿಗೆ ಖುಷಿ. ಯಾರಿಗೆ ನಷ್ಟ ಹೇಳಿ ಸರ್?"

ಈ ಸಲ ಮನೆಗೆ ಬಂದು ಕಾಲು ತೊಳೆಯುವಾಗಲೂ ಉತ್ತರ ಹೊಳೆಯಲಿಲ್ಲ.

ಅಪ್ಪ ಬೆಂಚಿನಿಂದ ಕೇಳಿದ, "ಇವತ್ತಿಂದು ಸ್ವಲ್ಪ ಹುಳಿ ಜಾಸ್ತಿ ಆಗಿತ್ತು. ಏನಾದ್ರೂ ಅಂದ್ರಾ?"

"ಸರಿಯಾಗಿತ್ತಂತೆ" ಎಂದೆ.

ಏಪ್ರಿಲ್ 6. ಬೆಳಿಗ್ಗೆ

ಒಂದೇ ಮಾತು. "ಅಪ್ಪಾ, ಅವರು ಅದನ್ನು ಚರಂಡಿಗೆ ಸುರೀತಾರೆ." ಇಷ್ಟು ಹೇಳಿದರೆ ಅಪ್ಪನೇ ಅವರನ್ನು ಓಣಿ ದಾಟಿಸುತ್ತಾನೆ. ಬಾಯ್ಲರ್ ಉಳಿಯುತ್ತದೆ, ನಾನು ಏನೂ ಮಾಡಬೇಕಿಲ್ಲ.

ಹಿತ್ತಿಲಿಗೆ ಹೋದೆ. ಬಿಳಿ ಶರ್ಟು ಹಾಕಿಕೊಂಡು ನಿಂತಿದ್ದ, ತೋಳು ಮೇಲಕ್ಕೆ ಮಡಚಿ. ಸೌಟು ಆಡಿಸುತ್ತಿದ್ದ. ನನ್ನನ್ನು ನೋಡಿ "ಕೇಳು, ಕೇಳು" ಎಂದು ಮಡಕೆ ತೋರಿಸಿದ. ಬಗ್ಗಿ ಕೇಳಿದೆ. ಸಣ್ಣಗೆ ಚುರ್ ಚುರ್ ಎನ್ನುತ್ತಿತ್ತು.

ಹೇಳಬೇಕಾದ್ದನ್ನು ಅಲ್ಲೇ ಬಿಟ್ಟು ಬಾಯ್ಲರ್ ಹಚ್ಚಲು ಹೋದೆ.

ಅದೇ ದಿನ, ಮಧ್ಯಾಹ್ನ

ಬಂದರು. ಗಡ್ಡದವನು, ಬಾಮೈದ, ಕಾಗದ ತಂದ ವಕೀಲ. ಅಪ್ಪ ಮೊದಲು ಸಹಿ ಹಾಕಿದ. ನಿಧಾನಕ್ಕೆ, ನಾಲಿಗೆ ಕಚ್ಚಿಕೊಂಡು. ಪೆನ್ನು ನನ್ನ ಕಡೆ ಬಂತು.

"ನಾನು ಹಾಕಲ್ಲ" ಎಂದೆ.

"ಯಾಕೆ ಸರ್?"

ಬಾಮೈದ ತನ್ನ ಚಪ್ಪಲಿ ನೋಡುತ್ತಿದ್ದ. ಭಾವ ಈಗ ಬಾಯಿ ಬಿಡುತ್ತಾನೆ ಎಂದುಕೊಂಡಿರಬೇಕು.

"ಹೆದರಿಕೆ" ಎಂದೆ.

"ಯಾವುದಕ್ಕೆ ಹೆದರಿಕೆ? ಹೇಳಿ, ಕ್ಲಿಯರ್ ಮಾಡ್ತೀನಿ."

"ಸುಮ್ನೆ. ಹೆದರಿಕೆ."

ಬಾಮೈದ ತಲೆ ಎತ್ತಿ ನನ್ನನ್ನು ನೋಡಿದ, ತಟ್ಟನೆ ಮತ್ತೆ ಇಳಿಸಿದ. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ಗಡ್ಡದವನಿಗೆ ಹೇಳಿದ, "ಬಿಡಪ್ಪ. ಇವನು ಹೊಟ್ಟೆಯಿಂದ ಬರೋವಾಗಲೇ ಹೆದರಿಕೊಂಡು ಬಂದೋನು. ಇವನ್ನ ಹುಟ್ಟಿಸಿದ್ದಕ್ಕೆ ನಾನು ತಲೆ ತಗ್ಗಿಸ್ಬೇಕು."

ನನ್ನ ಹೆದರಿಕೆಗೆ ಆಮೇಲೆ ಯಾರೂ ಕಾರಣ ಕೇಳಲಿಲ್ಲ. ಎಲ್ಲರಿಗೂ ಅಭ್ಯಾಸ.

ಏಪ್ರಿಲ್ 7

ಪೈಪು ಕಡಿದುಕೊಂಡು ಹೋದರು. ಪ್ರೆಶರ್ ಮುಳ್ಳು ಎದ್ದು ನಿಂತಿದೆ.

ಬಾಮೈದ ಕ್ಯಾನ್ ಒಯ್ಯಲು ಬರಲಿಲ್ಲ. ಮಡಕೆ ಉಕ್ಕಿ ಹಿತ್ತಿಲೆಲ್ಲ ನೊರೆ. ಅಪ್ಪ ಇವಳನ್ನು ಕರೆದು ಹೇಳಿದ, ನನ್ನ ಜೊತೆ ಮಾತಿಲ್ಲವಲ್ಲ. "ಅವನ್ಯಾಕೆ ಬರ್ಲಿಲ್ಲ? ಕಂಪನಿಯವರಿಗೆ ಇನ್ನು ಇದು ಬೇಡ್ವಂತಾ?"

ಧ್ವನಿ ಸಣ್ಣದಾಗಿತ್ತು. ನನ್ನ ಬಾಯಿಂದ ತಾನಾಗಿ ಬಂತು, "ಬೇಕಂತೆ. ಸಹಿ ಬೇರೆ, ಗಂಜಿ ಬೇರೆ. ಇನ್ನು ನಾನೇ ಕೊಟ್ಟು ಬರ್ತೀನಿ."

ಅಪ್ಪ ಓಣಿ ದಾಟಲಾರ. ಕ್ಯಾನ್ ಹಿಡಿದು ಓಣಿಯ ಕೊನೆಯ ತನಕ ಹೋದೆ, ಅಲ್ಲಿ ದೊಡ್ಡ ಚರಂಡಿ. ಸುರಿದೆ. ಪಾದಕ್ಕೆ ಸಿಡಿಯಿತು, ಬೆಚ್ಚಗೆ, ಲೋಳೆ ಲೋಳೆ. ವಾಕರಿಕೆ ಬಂದು ಗೋಡೆ ಹಿಡಿದೆ. ಗಡ್ಡದವನ ಕೆಲಸವನ್ನೇ ಈಗ ನಾನು ಮಾಡುತ್ತಿದ್ದೇನೆ. ಅವನಾದರೂ ಬಾಮೈದನ ಕೈಯಲ್ಲಿ ಮಾಡಿಸುತ್ತಿದ್ದ.

ಏಪ್ರಿಲ್ 24

ಬರೆಯಲಿಲ್ಲ ಇಷ್ಟು ದಿನ. ದಿನಾ ಅದೇ. ಬಾಯ್ಲರ್, ಕ್ಯಾನ್, ಚರಂಡಿ, ಶೀಟು.

ನರ್ಸಿಂಗ್ ಹೋಮಿನವರು ಏನೂ ಹೇಳಿಲ್ಲ. ಅವರು ಏನೂ ಹೇಳದಿದ್ದರೆ ಅದೇ ಹೊಗಳಿಕೆ.

ಬಾಮೈದ ಮೊನ್ನೆ ಊಟಕ್ಕೆ ಬಂದಿದ್ದ. ಅಪ್ಪ ಒಳಗಿದ್ದಾಗ ಮೆಲ್ಲಗೆ ಹೇಳಿದ, ಬಾಟಲಿಯ ಮೇಲೆ ಈಗ ಯಾರೋ ಅಜ್ಜಿಯ ಮುಖವಂತೆ. ಅಜ್ಜಿ, ಬೇರು, ಕಷಾಯ. ಆ ಅಜ್ಜಿ ಗಡ್ಡದವನ ಮನೆಯ ಕೆಲಸದವಳ ಅತ್ತೆಯಂತೆ. ಅವಳ ಬೇರು ಯಾವ ಚರಂಡಿಯಲ್ಲಿದೆಯೋ ನಾನು ಕೇಳಲಿಲ್ಲ. ಅಪ್ಪನಿಗೆ ಗೊತ್ತಿಲ್ಲ. ಟೇಸ್ಟಿಂಗ್ ಯಾವಾಗ ಎಂದು ಇವಳನ್ನು ಕೇಳುತ್ತಿರುತ್ತಾನೆ. ಸೆಕೆ ಮುಗಿಯಲಿ ಎಂದಿದ್ದೇವೆ.

"ಎಂದಿದ್ದೇವೆ" ಎಂದು ಇಬ್ಬರನ್ನೂ ಸೇರಿಸಿ ಬರೆದೆ. ಇವಳಿಗೆ ಗೊತ್ತಾಗಿದೆ. ಸೊಪ್ಪು ತರಲು ಹೋದವಳು ನನ್ನನ್ನು ಚರಂಡಿಯ ಹತ್ತಿರ ನೋಡಿದಳು. ಅವತ್ತು ಸಂಜೆ ನನ್ನ ಚಪ್ಪಲಿ ತೊಳೆದು ಬಿಸಿಲಿಗೆ ಇಟ್ಟಿದ್ದಳು. "ನಾಳೆಯಿಂದ ಹಳೇ ಜೋಡು ಹಾಕ್ಕೊಂಡು ಹೋಗಿ" ಎಂದಳು.

ಮೇ 4, ಭಾನುವಾರ

ಅಪ್ಪ ನನ್ನ ಜೊತೆ ಮಾತಾಡಿದ. ಸಹಿಯ ದಿನದಿಂದ ಇದೇ ಮೊದಲು.

ಕ್ಯಾನ್ ತುಂಬಿಸಿಕೊಳ್ಳಲು ಹೋಗಿದ್ದೆ. ಸೌಟು ಕೆಳಗಿಟ್ಟು ನನ್ನನ್ನೇ ನೋಡಿದ.

"ದಿನಾ ಹೊತ್ಕೊಂಡು ಹೋಗ್ತೀಯ. ಒಂದ್ಸಲನಾದ್ರೂ ರುಚಿ ನೋಡಿದ್ಯೇನೋ?"

"ಇಲ್ಲ."

"ಅದಕ್ಕೂ ಹೆದರಿಕೆನಾ?"

ಕುಟುಕಲು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ಲೋಟ ತೊಳೆದು ತನ್ನ ಪಂಚೆಯ ಅಂಚಿನಲ್ಲಿ ಒರೆಸಿದ, ತುಂಬಿಸಿದ. ಬೂದು ಬಣ್ಣ. ಮೇಲೆ ಚರ್ಮದಂಥ ಕೆನೆ, ಅದರಲ್ಲಿ ಒಂದು ಅಕ್ಕಿಹುಳ. ಹುಳವನ್ನು ಅಪ್ಪ ಉಗುರಿನಿಂದ ತೆಗೆದ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಕುಡಿದೆ. ಉಸಿರು ಹಿಡಿದು. ನಡುವೆ ನಿಲ್ಲಿಸಿದರೆ ಇಳಿಯುವುದಿಲ್ಲವೆಂದು ಪೂರ್ತಿ. ಅಪ್ಪ ನನ್ನ ಗಂಟಲನ್ನೇ ನೋಡುತ್ತಿದ್ದ.

"ಹೆಂಗಿದೆ?"

"ಚೆನ್ನಾಗಿದೆ. ಅವರು ಹೇಳೋದು ಸರಿ."

ನಕ್ಕ. ಹಲ್ಲಿಲ್ಲದ ಕಡೆಯೂ ಕಾಣುವ ಹಾಗೆ. "ಮತ್ತೆ? ಅದಕ್ಕೇ ಹೇಳಿದ್ದು" ಎಂದು ಇನ್ನೊಂದು ಲೋಟ ತುಂಬಿಸಿದ. ಅದನ್ನೂ ಕುಡಿದೆ.

ಈಗ ಬಾಯ್ಲರ್ ಪಕ್ಕದಲ್ಲಿ ಕೂತಿದ್ದೇನೆ. ಕುಡಿದದ್ದು ಗಂಟಲಿನವರೆಗೆ ಬಂದು ನಿಂತು ಹೋಗುತ್ತಿದೆ. ಹಿತ್ತಿಲಿನಿಂದ ಅಪ್ಪ ಕೂಗುತ್ತಿದ್ದಾನೆ, ನಾಳೆಗೆ ಅಕ್ಕಿ ತೊಳೆದಿಟ್ಟೆಯೇನೋ ಎಂದು. ನನ್ನ ಹೆಸರು ಹಿಡಿದು ಕೂಗುತ್ತಿದ್ದಾನೆ. ಹೂಂ ಎನ್ನಬೇಕು, ಬಾಯಿ ತೆರೆದರೆ —